ಬೇರೆ ಮಾಡಿ ಕೊಟ್ಟ ಕಸ ಗಾಡಿಯಲ್ಲಿ ಒಂದಾದರೆ ಹೊಣೆ ಯಾರದು?

ಪ್ರಶ್ನೆ: ನಮ್ಮದು ಪುರಸಭೆ ಇರುವ ತಾಲ್ಲೂಕು ಕೇಂದ್ರ. ನಮ್ಮ ಬೀದಿಯ ಬಹುತೇಕ ಮನೆಯವರು ಹಸಿ ಕಸ, ಒಣ ಕಸವನ್ನು ಬೇರೆ ಮಾಡಿಯೇ ಕೊಡುತ್ತೇವೆ. ಆದರೆ ಆಟೋ ಟಿಪ್ಪರಿನವರು ನಮ್ಮ ಕಣ್ಣೆದುರೇ ಎರಡನ್ನೂ ಒಂದೇ ಕಡೆ ಸುರಿದುಕೊಂಡು ಹೋಗುತ್ತಾರೆ. ಕೇಳಿದರೆ ‘ಘಟಕದಲ್ಲಿ ವಿಂಗಡಿಸುತ್ತೇವೆ’ ಎನ್ನುತ್ತಾರೆ. ವಾರ್ಡಿನ ಸದಸ್ಯರನ್ನು ಕೇಳಿದರೆ ‘ಜನರಿಗೇ ಶಿಸ್ತಿಲ್ಲ’ ಎನ್ನುತ್ತಾರೆ. ಕಾನೂನಿನ ಪ್ರಕಾರ ಇದು ಯಾರ ಹೊಣೆ? ನಾವು ಕೊಡುವ ಒಣ ಕಸ ನಿಜವಾಗಿಯೂ ಮರುಬಳಕೆ ಆಗುತ್ತದೆಯೇ? ಪಕ್ಕದ ಗ್ರಾಮ ಪಂಚಾಯಿತಿಯಲ್ಲಿ ಮಹಿಳೆಯರೇ ಗಾಡಿ ಓಡಿಸಿ ಅಚ್ಚುಕಟ್ಟಾಗಿ ನಡೆಸುತ್ತಿರುವಾಗ ಪುರಸಭೆಗೆ ಏಕೆ ಆಗುವುದಿಲ್ಲ? ತೆರಿಗೆಯ ಜೊತೆ ವಸೂಲು ಮಾಡುವ ಕಸದ ಶುಲ್ಕವನ್ನು ಕಟ್ಟದೆ ಪ್ರತಿಭಟಿಸಬಹುದೇ?

ಉತ್ತರ: ಮೊದಲ ಪ್ರಶ್ನೆಗೆ ಸುತ್ತುಬಳಸು ಬೇಡ. ನಿಮ್ಮ ಬಾಗಿಲಲ್ಲಿ ಕಸ ಬೇರೆಯಾಗಿತ್ತು ಎಂದಾದರೆ ನಿಮ್ಮ ಪಾಲಿನ ಕರ್ತವ್ಯ ಮುಗಿದಿದೆ. ಗಾಡಿಗೆ ಬಿದ್ದ ಮೇಲೆ ಅದು ಬೆರೆತರೆ ಉತ್ತರ ಹೇಳಬೇಕಾದದ್ದು ಪುರಸಭೆ. ಗುತ್ತಿಗೆದಾರನ ಕಡೆ ಬೆರಳು ತೋರಿಸಿ ಅದು ಜಾರಿಕೊಳ್ಳುವಂತಿಲ್ಲ. ಕೆಲಸವನ್ನು ಗುತ್ತಿಗೆಗೆ ಕೊಡಬಹುದು, ಹೊಣೆಯನ್ನು ಕೊಡಲು ಬರುವುದಿಲ್ಲ.

ಇದಕ್ಕೆ ಆಧಾರಗಳು ಹಲವು. ಸಂವಿಧಾನದ 74ನೇ ತಿದ್ದುಪಡಿಯೊಂದಿಗೆ ಬಂದ ಹನ್ನೆರಡನೇ ಅನುಸೂಚಿ ನಗರಾಡಳಿತಗಳಿಗೆ ಸೇರಬೇಕಾದ 18 ವಿಷಯಗಳನ್ನು ಪಟ್ಟಿ ಮಾಡುತ್ತದೆ. ಅದರಲ್ಲಿ ಆರನೆಯದು ಸಾರ್ವಜನಿಕ ಆರೋಗ್ಯ, ನೈರ್ಮಲ್ಯ ಮತ್ತು ಘನತ್ಯಾಜ್ಯ ನಿರ್ವಹಣೆ. ಅದಕ್ಕೂ ಮೊದಲೇ ಬಂದ ಕರ್ನಾಟಕ ಪುರಸಭೆಗಳ ಕಾಯ್ದೆ (1964) ಬೀದಿ ಗುಡಿಸಿ ಕಸ ತೆಗೆಯುವುದನ್ನು ಪುರಸಭೆಯ ಕಡ್ಡಾಯ ಕರ್ತವ್ಯಗಳಲ್ಲಿ ಸೇರಿಸಿದೆ. ಹಣವಿದ್ದರೆ ಮಾಡಬಹುದಾದ ಐಚ್ಛಿಕ ಕೆಲಸ ಇದಲ್ಲ. ಇನ್ನು ಕಸವನ್ನು ಹೇಗೆ ನಿರ್ವಹಿಸಬೇಕು ಎನ್ನುವ ವಿವರ ಬಂದದ್ದು ನ್ಯಾಯಾಲಯದ ಒತ್ತಡದಿಂದ. ಪರಿಸರ ಹೋರಾಟಗಾರ್ತಿ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಫಲವಾಗಿ 2000ದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಮೊದಲ ನಿಯಮಗಳು ಬಂದವು. 2016ರಲ್ಲಿ ಅವುಗಳ ಜಾಗಕ್ಕೆ ಹೊಸ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಂದವು. ಈಗ ಅವೂ ಹಿಂದೆ ಸರಿದು 2026ರ ನಿಯಮಗಳು ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಹಸಿ, ಒಣ, ನೈರ್ಮಲ್ಯ ತ್ಯಾಜ್ಯ (ಡೈಪರ್, ಸ್ಯಾನಿಟರಿ ಪ್ಯಾಡ್), ವಿಶೇಷ ಕಾಳಜಿಯ ತ್ಯಾಜ್ಯ (ಬಲ್ಬು, ಬಣ್ಣದ ಡಬ್ಬಿ, ಅವಧಿ ಮೀರಿದ ಔಷಧಿಯಂಥವು) ಎಂದು ನಾಲ್ಕು ಭಾಗ ಮಾಡಿ ಕೊಡುವುದು ಈಗ ಮನೆಯವರ ಕರ್ತವ್ಯ. ಎರಡನ್ನೇ ಬೇರೆ ಇಡಲಾಗದ ಗಾಡಿ ನಾಲ್ಕನ್ನು ಹೇಗೆ ಇಟ್ಟೀತು ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಇಷ್ಟು ಹೇಳಿದ ಮೇಲೂ ‘ಏಕೆ ಬೆರೆಸುತ್ತಾರೆ’ ಎನ್ನುವುದು ಉಳಿಯುತ್ತದೆ. ಪುರಸಭೆಗಳ ಪರಿಸರ ವಿಭಾಗದಲ್ಲಿ ಕೆಲಸ ಮಾಡಿದವನಾಗಿ ನಾನು ಹೇಳುವುದು ಸದಸ್ಯರ ಮಾತಿಗೆ ವಿರುದ್ಧವಾಗಿದೆ. ತಪ್ಪು ಶುರುವಾಗುವುದು ಜನರ ಬುಟ್ಟಿಯಲ್ಲೂ ಅಲ್ಲ, ಚಾಲಕನ ಸೋಮಾರಿತನದಲ್ಲೂ ಅಲ್ಲ. ಅದು ಶುರುವಾಗುವುದು ಟೆಂಡರಿನ ಕಾಗದದಲ್ಲಿ.

ಬಹಳ ಕಡೆ ಸಾಗಣೆಗೆ ಹಣ ಕೊಡುವುದು ಟನ್ನಿನ ಲೆಕ್ಕದಲ್ಲಿ. ಘಟಕದ ತೂಕದ ಕಟ್ಟೆಯ ಮೇಲೆ ಗಾಡಿ ನಿಂತಾಗ ಎಷ್ಟು ತೂಗುತ್ತದೆಯೋ ಅಷ್ಟಕ್ಕೆ ಬಿಲ್ಲು. ಹಸಿ ಕಸ ಭಾರ, ಜಾಗ ಕಡಿಮೆ. ಒಣ ಕಸ ಹಗುರ, ಜಾಗ ಬಹಳ. ಹಾಲಿನ ಪೊಟ್ಟಣ, ರಟ್ಟಿನ ಪೆಟ್ಟಿಗೆ, ಖಾಲಿ ಬಾಟಲಿ ತುಂಬಿದ ಟಿಪ್ಪರ್ ನೋಡಲು ತುಂಬಿದಂತಿದ್ದರೂ ಕಟ್ಟೆಯ ಮೇಲೆ ಏನೂ ತೂಗುವುದಿಲ್ಲ. ಅದನ್ನೇ ಹಸಿ ಕಸದ ಜೊತೆ ತುಳಿದು ಒತ್ತಿದರೆ ಒಂದೇ ಸರದಿಯಲ್ಲಿ ಹೆಚ್ಚು ಮನೆ ಮುಗಿಯುತ್ತವೆ, ಡೀಸೆಲ್ ಉಳಿಯುತ್ತದೆ, ತೂಕವೂ ಬರುತ್ತದೆ. ಕರಾರು ಹೀಗಿರುವಾಗ ಬೇರೆ ಮಾಡಿ ತರುವ ಗುತ್ತಿಗೆದಾರನಿಗೆ ನಷ್ಟ, ಬೆರೆಸಿ ತರುವವನಿಗೆ ಲಾಭ. ನಾನು ಕೆಲಸ ಮಾಡಿದ ಒಂದು ಪಟ್ಟಣದಲ್ಲಿ ಲೋಡಿನ ತಳದಲ್ಲಿ ಕಟ್ಟಡ ಒಡೆದ ಮಣ್ಣು, ಇಟ್ಟಿಗೆ ಚೂರುಗಳು ಸಿಗುತ್ತಿದ್ದವು. ಯಾವ ಮನೆಯವರೂ ಅಡುಗೆಮನೆಯ ಬುಟ್ಟಿಯಲ್ಲಿ ಇಟ್ಟಿಗೆ ಹಾಕಿ ಕೊಡುವುದಿಲ್ಲವಲ್ಲ!

ಎರಡನೆಯ ತೊಡಕು ಗಾಡಿಯದೇ. ಟಿಪ್ಪರಿನಲ್ಲಿ ಎರಡು ಖಾನೆ ಮಾಡಿಸಿರುತ್ತಾರೆ, ಫೋಟೋವನ್ನೂ ಕಳಿಸಿರುತ್ತಾರೆ. ಅರ್ಧ ಬೀದಿ ಮುಗಿಯುವಷ್ಟರಲ್ಲಿ ಒಣ ಕಸದ ಖಾನೆ ಭರ್ತಿ. ಚಾಲಕ ಮತ್ತು ಒಬ್ಬ ಸಹಾಯಕ ಬೆಳಗಿನ ಹೊತ್ತಿನಲ್ಲಿ ನೂರಾರು ಮನೆಗಳ ಮುಂದೆ ನಿಲ್ಲಬೇಕು. ಒಂದು ಮನೆಯ ಮುಂದೆ ಅರ್ಧ ನಿಮಿಷ ಹೆಚ್ಚು ನಿಂತರೂ ಕೊನೆಯ ಬೀದಿಯವರಿಗೆ ಹೊತ್ತು ಮಧ್ಯಾಹ್ನವಾಗುತ್ತದೆ, ಅಲ್ಲಿಂದ ಫೋನಿನ ಮೇಲೆ ಫೋನು. ದೊಡ್ಡ ಊರುಗಳಲ್ಲಿ ಇದರ ಮೇಲೆ ಇನ್ನೊಂದು ಹಂತವಿದೆ. ಟಿಪ್ಪರುಗಳೆಲ್ಲ ಒಂದೆಡೆ ಸೇರಿ, ಕಸವನ್ನು ಒತ್ತಿ ತುಂಬಿಕೊಳ್ಳುವ ಕಾಂಪ್ಯಾಕ್ಟರ್ ಲಾರಿಗೆ ಅದನ್ನು ದಾಟಿಸುತ್ತವೆ. ಅಲ್ಲಿಯವರೆಗೆ ಬೇರೆಯಾಗಿಯೇ ಬಂದದ್ದೂ ಆ ಲಾರಿಯ ಹೊಟ್ಟೆಯಲ್ಲಿ ಒಂದಾಗುತ್ತದೆ.

ಪರಿಹಾರ ಹೊಸದೇನಲ್ಲ: ಒಣ ಕಸಕ್ಕೆ ಬೇರೆ ದಿನ, ಸಾಧ್ಯವಾದರೆ ಬೇರೆ ಗಾಡಿ. ಒಣ ಕಸ ಕೊಳೆಯುವುದಿಲ್ಲ, ವಾರಕ್ಕೆ ಎರಡು ದಿನ ಒಯ್ದರೆ ಸಾಕು. ಬೆಂಗಳೂರು ಇದನ್ನು ಕಲಿತದ್ದು ಪೆಟ್ಟು ತಿಂದು. 2012ರಲ್ಲಿ, ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಜನ ತಮ್ಮೂರಿಗೆ ಕಸದ ಲಾರಿ ಬಿಡುವುದಿಲ್ಲ ಎಂದು ನಿಂತಾಗ ನಗರದ ಬೀದಿಗಳಲ್ಲಿ ಕಸದ ಗುಡ್ಡೆಗಳು ಎದ್ದವು. ಮಂಡೂರಿನ ಜನರ ಹೋರಾಟದಿಂದ 2014ರ ಕೊನೆಗೆ ಅಲ್ಲಿನ ಬಾಗಿಲೂ ಮುಚ್ಚಿತು. ಹೈಕೋರ್ಟಿನಲ್ಲಿ ಪ್ರಕರಣ ನಡೆದು, ಮೂಲದಲ್ಲೇ ವಿಂಗಡಣೆ ಕಡ್ಡಾಯವಾಯಿತು. 2015ರ ಡಿಸೆಂಬರಿನಲ್ಲಿ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಯನ್ನು (ಹಸಿ ಕಸಕ್ಕೊಂದು, ನೈರ್ಮಲ್ಯ ತ್ಯಾಜ್ಯಕ್ಕೊಂದು ಬುಟ್ಟಿ, ಒಣ ಕಸಕ್ಕೆ ಚೀಲ) ಎಲ್ಲರೂ ಪಾಲಿಸಬೇಕೆಂದು ಹೈಕೋರ್ಟ್ ಆದೇಶಿಸಿತು. ಇದರ ಜೊತೆಗೆ ವಾರ್ಡುಗಳಲ್ಲಿ ಒಣ ಕಸ ಸಂಗ್ರಹ ಕೇಂದ್ರಗಳು ಹುಟ್ಟಿಕೊಂಡವು. ಚಿಂದಿ ಆಯುತ್ತಿದ್ದವರಿಗೆ ಪಾಲಿಕೆ ಗುರುತಿನ ಚೀಟಿ ಕೊಟ್ಟಿತು, ಅವರಲ್ಲಿ ಹಲವರು ಈ ಕೇಂದ್ರಗಳನ್ನು ತಾವೇ ನಡೆಸುವಂತಾದರು. ನನ್ನ ಲೆಕ್ಕದಲ್ಲಿ ಬೆಂಗಳೂರಿನ ಕಸದ ಕಥೆಯಲ್ಲಿ ಹೆಮ್ಮೆ ಪಡಬಹುದಾದ ಭಾಗ ಇದೇ. ಇಡೀ ನಗರ ಸುಧಾರಿಸಿತು ಎಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಯಾವ ಮೂಲೆಯ ಬ್ಲ್ಯಾಕ್ ಸ್ಪಾಟ್ (ಜನ ಬೀದಿಬದಿಯಲ್ಲೇ ಕಸ ಸುರಿಯುವ ಜಾಗ) ನೋಡಿದರೂ ಅದು ತಿಳಿಯುತ್ತದೆ.

ಇನ್ನು ‘ಘಟಕದಲ್ಲಿ ವಿಂಗಡಿಸುತ್ತೇವೆ’ ಎನ್ನುವ ಮಾತು. ಇದು ಪೂರ್ತಿ ಸುಳ್ಳಲ್ಲ, ಪ್ರಯೋಜನಕ್ಕೆ ಬಾರದ ನಿಜ. ಮಿಶ್ರ ಕಸ ಬಂದಾಗ ಅದನ್ನು ಉದ್ದನೆಯ ರಾಶಿಗಳಾಗಿ ಹಾಕಿ, ವಾರಕ್ಕೊಮ್ಮೆ ಮಗುಚುತ್ತಾ ನಾಲ್ಕೈದು ವಾರ ಕೊಳೆಸುತ್ತಾರೆ. ಆಮೇಲೆ ತಿರುಗುವ ಜರಡಿಗಳಿಗೆ ಹಾಕುತ್ತಾರೆ. ಮೊದಲು ದೊಡ್ಡ ಕಣ್ಣಿನದು, ಮುಂದೆ 35 ಮಿಲಿಮೀಟರ್, 16 ಮಿಲಿಮೀಟರ್, ಕೊನೆಗೆ 4 ಮಿಲಿಮೀಟರ್. ಆ ಕೊನೆಯ ಜರಡಿಯಿಂದ ಕೆಳಗೆ ಬಿದ್ದದ್ದು ಗೊಬ್ಬರ. ಆದರೆ ಗಾಜಿನ ಚೂರು, ಬ್ಯಾಟರಿಯ ಪುಡಿ, ಪ್ಲಾಸ್ಟಿಕ್ಕಿನ ಎಳೆ ಇವೆಲ್ಲ 4 ಮಿಲಿಮೀಟರಿನ ಕಣ್ಣಿನಲ್ಲೂ ನುಸುಳುತ್ತವೆ. ಮಾರಬೇಕೆಂದರೆ ಗೊಬ್ಬರವು ರಸಗೊಬ್ಬರ ನಿಯಂತ್ರಣ ಆದೇಶದ ಗುಣಮಟ್ಟಕ್ಕೆ ಸರಿಹೊಂದಬೇಕು, ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಮಿತಿಯೊಳಗಿರಬೇಕು. ಮಿಶ್ರ ಕಸದ ಗೊಬ್ಬರ ಈ ಪರೀಕ್ಷೆಯಲ್ಲಿ ಗೆಲ್ಲುವುದು ಕಷ್ಟ. ರೈತರು ಪರೀಕ್ಷೆಯವರೆಗೂ ಕಾಯುವುದಿಲ್ಲ. ಕೈಯಲ್ಲಿ ಹಿಡಿದು ಗಾಜು ಕಂಡರೆ ಅಲ್ಲೇ ಬಿಟ್ಟು ಹೋಗುತ್ತಾರೆ. ಜರಡಿಯ ಮೇಲೆ ಉಳಿದ ಪ್ಲಾಸ್ಟಿಕ್ ಮತ್ತು ಕಾಗದ ಒದ್ದೆಯಾಗಿ, ಮಣ್ಣು ಮೆತ್ತಿ, ಗುಜರಿಯವರೂ ಮುಟ್ಟದ ಸ್ಥಿತಿಗೆ ಬಂದಿರುತ್ತವೆ. ಅಂದರೆ ಬೆರೆಸುವುದರಿಂದ ಒಂದಲ್ಲ, ಎರಡು ಸರಕು ಕೆಡುತ್ತವೆ.

ಹೀಗೆ ಉಳಿದದ್ದು ಪ್ರತಿದಿನ ರಾಶಿಗೆ ಸೇರುತ್ತದೆ. ಆ ರಾಶಿ ಏನು ಮಾಡಬಲ್ಲದು ಎಂಬುದನ್ನು ಮಂಗಳೂರಿನ ಪಚ್ಚನಾಡಿ 2019ರ ಆಗಸ್ಟಿನಲ್ಲಿ ತೋರಿಸಿತು. ಮಳೆ ಹಿಡಿದಾಗ ಕಸದ ಗುಡ್ಡವೇ ಜರಿದು ಕೆಳಗಿನ ಮಂದಾರದ ಅಡಿಕೆ, ತೆಂಗಿನ ತೋಟಗಳ ಮೇಲೆ ಹರಿಯಿತು. ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. 2016ರ ನಿಯಮಗಳ ಪ್ರಕಾರ ಒಂದು ಲಕ್ಷಕ್ಕಿಂತ ಹೆಚ್ಚು ಜನರಿರುವ ಊರುಗಳಿಗೆ ಸಂಸ್ಕರಣಾ ಘಟಕ ಕಟ್ಟಲು ಎರಡು ವರ್ಷ, ನಿಮ್ಮಂಥ ಸಣ್ಣ ಪಟ್ಟಣಗಳಿಗೆ ಮೂರು ವರ್ಷ ಕಾಲಾವಕಾಶವಿತ್ತು. ಅದು 2019ರಲ್ಲೇ ಮುಗಿಯಿತು. ಘನ ಮತ್ತು ದ್ರವ ತ್ಯಾಜ್ಯ ನಿರ್ವಹಣೆಯಲ್ಲಿನ ಲೋಪಕ್ಕಾಗಿ 2022ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕರ್ನಾಟಕಕ್ಕೆ 2,900 ಕೋಟಿ ರೂಪಾಯಿಗಳ ಪರಿಸರ ಪರಿಹಾರ ವಿಧಿಸಿದಾಗ ಆ ಮೊತ್ತ ಕೇಳಿ ಹಲವರು ಬೆಚ್ಚಿದರು. ವರ್ಷಗಟ್ಟಲೆ ಮುಂದೂಡಿದ ಖರ್ಚು ಒಮ್ಮೆಲೇ ಬಿಲ್ಲಾಗಿ ಬಂದಂತಿತ್ತು ಅದು.

ಎರಡನೆಯ ಪ್ರಶ್ನೆ, ಒಣ ಕಸದ ಗತಿ ಏನು? ಇಲ್ಲಿ ಒಣ ಕಸ ಎನ್ನುವುದು ಒಂದೇ ವಸ್ತುವಲ್ಲ. ನೀರಿನ ಪೆಟ್ ಬಾಟಲಿ, ಶಾಂಪೂ ಡಬ್ಬಿಯಂಥ ಗಟ್ಟಿ ಪ್ಲಾಸ್ಟಿಕ್, ರಟ್ಟು, ಪತ್ರಿಕೆ, ಲೋಹ ಇವುಗಳಿಗೆ ಬೆಲೆ ಇದೆ. ಇವು ಸ್ವಚ್ಛವಾಗಿದ್ದರೆ ಖಂಡಿತ ಮರುಬಳಕೆ ಆಗುತ್ತವೆ, ಅದೂ ಪುರಸಭೆಯ ಹಂಗಿಲ್ಲದೆ. ನಿಮ್ಮೂರಿನ ಗುಜರಿ ಅಂಗಡಿ ದಶಕಗಳಿಂದ ಮಾಡಿಕೊಂಡು ಬಂದಿರುವ ಕೆಲಸವೇ ಅದು. ತೊಳೆದು ಒಣಗಿಸಿದ ಹಾಲಿನ ಪೊಟ್ಟಣಕ್ಕೂ ಕೊಳ್ಳುವವರಿದ್ದಾರೆ. ಕಷ್ಟವಿರುವುದು ಚಿಪ್ಸ್, ಬಿಸ್ಕತ್ತು, ಗುಟ್ಕಾ, ಒಂದು ರೂಪಾಯಿ ಶಾಂಪೂವಿನ ಪೊಟ್ಟಣಗಳಲ್ಲಿ. ಒಂದರ ಮೇಲೊಂದು ಅಂಟಿಸಿದ ಪದರಗಳನ್ನು ಬಿಡಿಸಿ ಮತ್ತೆ ಬಳಸುವ ದಾರಿ ಮಾರುಕಟ್ಟೆಗೆ ಗಿಟ್ಟುವುದಿಲ್ಲ. ಒಳ್ಳೆಯ ವ್ಯವಸ್ಥೆ ಇದ್ದರೆ ಅವನ್ನು ಬೇಲು ಕಟ್ಟಿ ಕಲ್ಲಿದ್ದಲಿನ ಬದಲು ಉರಿಸಲು ಸಿಮೆಂಟ್ ಕಾರ್ಖಾನೆಗೆ ಕಳಿಸುತ್ತಾರೆ. ಪ್ರತಿ ಕಿಲೋಗೆ 1,500 ಕಿಲೋಕ್ಯಾಲರಿಗಿಂತ ಹೆಚ್ಚು ಶಾಖ ಕೊಡುವ ಕಸವನ್ನು ಹೂಳಬಾರದು ಎಂದು 2016ರ ನಿಯಮವೇ ಹೇಳಿತ್ತು. ನಮ್ಮಲ್ಲಿ ಸಿಮೆಂಟ್ ಕಾರ್ಖಾನೆಗಳು ಹೆಚ್ಚಿರುವುದು ಕಲಬುರಗಿಯ ಕಡೆ. ಹಾಸನದ ಕಡೆಯ ಒಂದು ಪುರಸಭೆ ಅಲ್ಲಿಯವರೆಗೆ ಲಾರಿ ಬಾಡಿಗೆ ಕೊಟ್ಟು ಪೊಟ್ಟಣ ಕಳಿಸಬೇಕು. ಅದನ್ನು ಮರುಬಳಕೆ ಎನ್ನಲು ನನಗೆ ಮನಸ್ಸಿಲ್ಲ, ಚರಂಡಿಗಿಂತ ವಾಸಿ ಎನ್ನಬಹುದು.

ಹಾಗಾದರೆ ಆ ಲಾರಿ ಬಾಡಿಗೆ ಯಾರ ತಲೆಗೆ? ಮರುಬಳಕೆಯ ನೀತಿಯಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಆಗುತ್ತಿರುವ ಅನ್ಯಾಯ ಇಲ್ಲಿದೆ. ಪೊಟ್ಟಣ ಮಾಡಿದ ಕಂಪನಿಯೇ ಅದನ್ನು ಹಿಂದಕ್ಕೆ ಪಡೆದು ವಿಲೇವಾರಿ ಮಾಡಬೇಕೆಂಬ ತತ್ವ, ಅಂದರೆ ಉತ್ಪಾದಕರ ವಿಸ್ತೃತ ಹೊಣೆಗಾರಿಕೆ, ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳಲ್ಲಿದೆ. 2022ರ ಮಾರ್ಗಸೂಚಿಯ ನಂತರ ಕಂಪನಿಗಳು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲಿನಲ್ಲಿ ನೋಂದಾಯಿಸಿಕೊಂಡು ಗುರಿ ಮುಟ್ಟಬೇಕು. ಗುರಿ ಮುಟ್ಟಿದ್ದಕ್ಕೆ ಪುರಾವೆ ನೋಂದಾಯಿತ ಸಂಸ್ಕರಣಾ ಘಟಕಗಳು ಕೊಡುವ ಪ್ರಮಾಣಪತ್ರ. ಕಂಪನಿ ಎಲ್ಲೋ ಒಂದು ಘಟಕದಿಂದ ಪ್ರಮಾಣಪತ್ರ ಕೊಂಡರೆ ಅದರ ಕೆಲಸ ಮುಗಿಯಿತು. ನಿಮ್ಮೂರಿನ ಬೀದಿಯಲ್ಲಿ ಅದೇ ಕಂಪನಿಯ ಪೊಟ್ಟಣ ಹೆಕ್ಕಿದ ಪೌರಕಾರ್ಮಿಕರಿಗಾಗಲಿ ಪುರಸಭೆಗಾಗಲಿ ಆ ಹಣ ತಾನಾಗಿ ಬರುವುದಿಲ್ಲ. ಕಂಪನಿಗಳೊಡನೆ ಅಥವಾ ಅವುಗಳ ಪರವಾಗಿ ಕೆಲಸ ಮಾಡುವ ಸಂಸ್ಥೆಗಳೊಡನೆ ಪುರಸಭೆಯೇ ಒಪ್ಪಂದ ಮಾಡಿಕೊಳ್ಳಬೇಕು. ಒಂದೊಂದು ಸಣ್ಣ ಪುರಸಭೆಗೆ ಆ ಚೌಕಾಸಿಯ ಬಲವಿಲ್ಲ. ಜಿಲ್ಲೆಯ ಎಲ್ಲ ಪಟ್ಟಣಗಳ ಪರವಾಗಿ ಜಿಲ್ಲಾಡಳಿತ ಮಾಡಿದರೆ ಆದೀತು. ರಾಜ್ಯ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಕೇಂದ್ರದ ಏಕಬಳಕೆ ಪ್ಲಾಸ್ಟಿಕ್ ನಿಷೇಧ 2022ರ ಜುಲೈ 1ರಿಂದ ಬಂತು. ಜಾರಿಯ ಕೆಲಸ ಮತ್ತೆ ಆರೋಗ್ಯ ನಿರೀಕ್ಷಕರ ಹೆಗಲಿಗೆ. ಅವರು ಸಂತೆಯ ದಿನ ತಳ್ಳುಗಾಡಿಯವರಿಂದ ಚೀಲ ಕಿತ್ತುಕೊಂಡು ದಂಡ ಹಾಕುತ್ತಾರೆ, ಚೀಲ ತಯಾರಿಸುವ ಕಾರ್ಖಾನೆ ಅವರ ಸರಹದ್ದಿನಲ್ಲೇ ಇರುವುದಿಲ್ಲ.

ಪಕ್ಕದ ಪಂಚಾಯಿತಿಯನ್ನು ಹೊಗಳಿದ್ದೀರಿ. ಹೊಗಳಿಕೆ ಸಲ್ಲುತ್ತದೆ. ಆದರೆ ಅಲ್ಲಿ ಕೆಲಸ ಹಗುರವಾಗಲು ಒಂದು ಕಾರಣವಿದೆ. ಹಳ್ಳಿಗಳಲ್ಲಿ ಹಸಿ ಕಸ ಮನೆಯ ತಿಪ್ಪೆಗೆ, ದನಕ್ಕೆ, ತೋಟಕ್ಕೆ ಹೋಗುತ್ತದೆ. ಪಂಚಾಯಿತಿಯ ಗಾಡಿ ಒಯ್ಯುವುದು ಒಣ ಕಸವನ್ನು ಮಾತ್ರ. ಬೆರೆಯುವ ಪ್ರಶ್ನೆಯೇ ಏಳುವುದಿಲ್ಲ. ಇದರ ಮೇಲೆ ನಮ್ಮ ರಾಜ್ಯದಲ್ಲಿ ‘ಸ್ವಚ್ಛ ಸಂಕೀರ್ಣ’ ಎಂಬ ಹೆಸರಿನ ಘಟಕಗಳನ್ನು ಕಟ್ಟಿ, ಸಂಜೀವಿನಿ ಸ್ವಸಹಾಯ ಸಂಘಗಳ ಒಕ್ಕೂಟಗಳಿಗೆ ನಿರ್ವಹಣೆ ವಹಿಸಿ, ಮಹಿಳೆಯರಿಗೆ ಚಾಲನೆ ಕಲಿಸಿದ್ದು ಫಲ ಕೊಟ್ಟಿದೆ. ಗಾಡಿಯಲ್ಲಿರುವವರು ಅದೇ ಊರಿನವರು. ಬೆರೆಸಿ ಕೊಟ್ಟ ಮನೆಯ ಹೆಸರು ಅವರಿಗೆ ಗೊತ್ತು, ಮನೆಯವರಿಗೂ ಅವರ ಮುಖದ ದಾಕ್ಷಿಣ್ಯವಿದೆ. ಗುತ್ತಿಗೆದಾರರು ಮೂರು ತಿಂಗಳಿಗೊಮ್ಮೆ ಬದಲಿಸುವ ಹುಡುಗರಿಗೆ ಅದೆಲ್ಲಿಂದ ಬರಬೇಕು? ಉಡುಪಿ ಜಿಲ್ಲೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಾರ್ಕಳದ ಬಳಿ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸ ವಿಂಗಡಿಸುವ ಕೇಂದ್ರ ಮಾಡಿದ್ದಾರೆ. ಸುತ್ತಲಿನ ಹತ್ತಾರು ಪಂಚಾಯಿತಿಗಳ ಸರಕು ಅಲ್ಲಿ ಒಟ್ಟಾಗುತ್ತದೆ. ಲಾರಿ ತುಂಬುವಷ್ಟು ಸರಕಿದ್ದರೆ ಮಾತ್ರ ಕೊಳ್ಳುವವರು ಬಾಗಿಲಿಗೆ ಬರುತ್ತಾರೆ, ಬೆಲೆಯೂ ಸಿಗುತ್ತದೆ. ನಿಮ್ಮ ಪುರಸಭೆ ಆ ಪಕ್ಕದ ಪಂಚಾಯಿತಿಯ ಜೊತೆ ಕೈಜೋಡಿಸಲು ಕಾನೂನಿನ ಅಡ್ಡಿ ಇಲ್ಲ. ಅಡ್ಡಿ ಇರುವುದು ಎರಡೂ ಬೇರೆ ಬೇರೆ ಇಲಾಖೆಗಳ ಕೆಳಗೆ ಬರುತ್ತವೆ ಎನ್ನುವುದರಲ್ಲಿ. ಒಂದು ಪೌರಾಡಳಿತ, ಇನ್ನೊಂದು ಗ್ರಾಮೀಣಾಭಿವೃದ್ಧಿ. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಬಲ್ಲವರು ಜಿಲ್ಲಾಧಿಕಾರಿ.

ಕಲ್ಯಾಣ ಮಂಟಪ, ಹೋಟೆಲು, ಮಾರುಕಟ್ಟೆಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಮಾಡುವವರನ್ನು ಕಾನೂನು ಮನೆಗಳ ಸಾಲಿನಲ್ಲಿ ಇಟ್ಟಿಲ್ಲ. ತಮ್ಮ ಹಸಿ ಕಸವನ್ನು ಆದಷ್ಟೂ ತಮ್ಮಲ್ಲೇ ನಿರ್ವಹಿಸುವುದು ಅವರ ಹೊಣೆ. ಸಣ್ಣ ಪಟ್ಟಣಗಳಲ್ಲಿ ಮದುವೆಯ ತಿಂಗಳು ಬಂತೆಂದರೆ ಮಂಟಪಗಳ ಎಲೆ, ಅನ್ನ, ನೀರಿನ ಬಾಟಲಿ ಮನೆಗಳ ಗಾಡಿಗೇ ಬೀಳುತ್ತವೆ. ಆ ದಿನ ನಿಮ್ಮ ಬೀದಿಗೆ ಗಾಡಿ ಬರದಿದ್ದರೆ ಕಾರಣ ಅಲ್ಲಿರಬಹುದು.

ಶುಲ್ಕದ ವಿಷಯಕ್ಕೆ ಬರೋಣ. ಕಟ್ಟುವುದನ್ನು ನಿಲ್ಲಿಸಬೇಡಿ. ಆಸ್ತಿ ತೆರಿಗೆಯ ಜೊತೆ ಸೇರಿಸಿದ ಮೊತ್ತ ಬಾಕಿ ಉಳಿದರೆ ನಿಮ್ಮ ಖಾತೆಯ ಕಾಗದಪತ್ರಗಳಿಗೆ ತೊಡಕಾಗುತ್ತದೆ. ಜೊತೆಗೆ ‘ಜನ ಶುಲ್ಕವನ್ನೇ ಕೊಡುವುದಿಲ್ಲ’ ಎಂಬ ಸಬೂಬನ್ನು ನೀವೇ ಕೈಯಾರೆ ಕೊಟ್ಟಂತಾಗುತ್ತದೆ. ಸೇವಾ ಶುಲ್ಕ ವಸೂಲು ಮಾಡಲು ನಿಯಮಗಳೇ ಸ್ಥಳೀಯ ಸಂಸ್ಥೆಗೆ ಅಧಿಕಾರ ಕೊಟ್ಟಿವೆ. ಬೆಂಗಳೂರಿನಲ್ಲಿ 2025ರ ಏಪ್ರಿಲಿನಿಂದ ಕಟ್ಟಡದ ವಿಸ್ತೀರ್ಣ ನೋಡಿ ವಾಸದ ಮನೆಗಳಿಗೆ ತಿಂಗಳಿಗೆ 10ರಿಂದ 400 ರೂಪಾಯಿಯವರೆಗೆ ಹಾಕುತ್ತಿದ್ದಾರೆ. ಆದರೆ ತೆರಿಗೆಯ ರಸೀದಿಯನ್ನು ಒಮ್ಮೆ ಸರಿಯಾಗಿ ಓದಿ. ಆರೋಗ್ಯ ಉಪಕರ, ಗ್ರಂಥಾಲಯ ಉಪಕರ, ಭಿಕ್ಷುಕರ ಉಪಕರ ಎಂದೆಲ್ಲ ಸಾಲುಗಳಿರುತ್ತವೆ. ‘ಆರೋಗ್ಯ’ ಎಂದಿರುವುದನ್ನು ಕಸದ ಹಣ ಎಂದು ತಿಳಿದು ಲೆಕ್ಕ ಕೇಳಲು ಹೋದವರು ಬರಿಗೈಯಲ್ಲಿ ಮರಳಿದ್ದಾರೆ. ಘನತ್ಯಾಜ್ಯದ ಸಾಲು ಬೇರೆಯೇ ಇರುತ್ತದೆ, ಲೆಕ್ಕ ಕೇಳಬೇಕಾದದ್ದು ಅದರದು.

ಕೇಳುವುದು ಹೇಗೆ? ನಿಮ್ಮದು ಮೂರು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಾದ್ದರಿಂದ ಸಂವಿಧಾನವೇ ಕಡ್ಡಾಯ ಮಾಡಿರುವ ವಾರ್ಡ್ ಸಮಿತಿಯ ಆಸರೆ ನಿಮಗಿಲ್ಲ. ಹಾಗೆಂದು ಬೀದಿಯಲ್ಲಿ ಚಾಲಕನೊಡನೆ ಜಗಳ ಆಡಿ ಪ್ರಯೋಜನವಿಲ್ಲ. ಆತ ಕರಾರನ್ನು ಬರೆದವನಲ್ಲ. ಮುಖ್ಯಾಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಬೆರೆಸಿದ ದಿನ ಮತ್ತು ಗಾಡಿಯ ಸಂಖ್ಯೆ ಅದರಲ್ಲಿರಲಿ. ಜೊತೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ. ‘ಕಸ ಏಕೆ ಬೆರೆಸುತ್ತೀರಿ’ ಎಂದು ಬರೆದರೆ ಅದು ಮಾಹಿತಿಯಲ್ಲ ಎಂದು ತಿರುಗಿ ಬರುತ್ತದೆ. ದಾಖಲೆಯನ್ನೇ ಕೇಳಿ. ಮೊದಲು ಸಂಗ್ರಹಣೆ ಮತ್ತು ಸಾಗಣೆಯ ಕರಾರಿನ ಪ್ರತಿ. ಅದರಲ್ಲಿ ಹಣ ಪಾವತಿಯ ಷರತ್ತು ಯಾವ ಆಧಾರದ ಮೇಲಿದೆ, ಬೆರೆಸಿದರೆ ದಂಡವಿದೆಯೇ ಎಂದು ನೋಡಿ. ಆಮೇಲೆ ಹಿಂದಿನ ಮೂರು ತಿಂಗಳ ತೂಕದ ಚೀಟಿಗಳು. ಮೂರನೆಯದಾಗಿ ಒಣ ಕಸ ಮತ್ತು ಗೊಬ್ಬರ ಮಾರಿದ ರಸೀದಿಗಳು. ಕೊನೆಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಪುರಸಭೆ ಕಳಿಸಿದ ವಾರ್ಷಿಕ ವರದಿ.

ಈ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಓದಿ. ವರದಿಯಲ್ಲಿ ‘ಶೇಕಡಾ ನೂರು ವಿಂಗಡಣೆ’ ಎಂದಿದ್ದು, ಒಣ ಕಸ ಮಾರಿದ ರಸೀದಿ ಒಂದೂ ಇಲ್ಲದಿದ್ದರೆ ನಿಮ್ಮ ಕೈಯಲ್ಲಿರುವುದು ದೂರಲ್ಲ, ಪುರಾವೆ. ಅದನ್ನು ನಿಮ್ಮ ಸದಸ್ಯರಿಗೆ ಕೊಟ್ಟು ಸಾಮಾನ್ಯ ಸಭೆಯಲ್ಲಿ ಕೇಳಿಸಿ. ಪ್ರತಿಯನ್ನು ಜಿಲ್ಲಾಧಿಕಾರಿಗೂ ಮಂಡಳಿಯ ಪ್ರಾದೇಶಿಕ ಅಧಿಕಾರಿಗೂ ಕಳಿಸಿ. ಹಾಲಿ ಕರಾರು ಯಾವ ತಿಂಗಳಿಗೆ ಮುಗಿಯುತ್ತದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಹೊಸ ಟೆಂಡರಿನ ಷರತ್ತುಗಳು ಸಭೆಯ ಮುಂದೆ ಬರುವ ಮೊದಲೇ ‘ಟನ್ನಿಗೆ ಇಷ್ಟು’ ಎನ್ನುವುದನ್ನು ತೆಗೆದು ‘ಬೇರೆ ಮಾಡಿ ತಂದ ಮನೆಗೆ ಇಷ್ಟು’ ಎಂದು ಬರೆಸಬೇಕು. ಟೆಂಡರ್ ಒಮ್ಮೆ ಅಂತಿಮವಾದರೆ ಅದರ ಅವಧಿ ಮುಗಿಯುವವರೆಗೆ ಷರತ್ತು ಬದಲಿಸಲು ಯಾರೂ ಮುಂದೆ ಬರುವುದಿಲ್ಲ.